ದೇವರ ಗೂಡಿನಲ್ಲಿಟ್ಟ ಈರುಳ್ಳಿ ಬೇರು

ಮೊನ್ನೆ ಟಿ. ನರಸೀಪುರದಲ್ಲಿ ರಕ್ತ ಪರೀಕ್ಷೆ ಮಾಡಿಸಲು ತೋಳು ಚಾಚಿ ಕೂತಿದ್ದೆ. ನನಗೆ ಸಕ್ಕರೆ ಕಾಯಿಲೆ ಬಂದಿದೆಯೆಂದು ಡಾಕ್ಟರಿಗಿಂತ ಮೊದಲೇ ತೀರ್ಮಾನ ಮಾಡಿದ್ದ ತಂಗಿ ಬಲವಂತದಿಂದ ಎಳೆದು ತಂದಿದ್ದಳು. ಅಲ್ಲಿನ ಹುಡುಗಿ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ತೋಳಿಗೆ ಒರೆಸಿದಳು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನಗೆ ಸಿಟ್ಟು ನೆತ್ತಿಗೇರಿತು. ಸೂಜಿಗೆ ಹೆದರಿ ಮುಖ ಸಿಂಡರಿಸಿದೆನೆಂದುಕೊಂಡ ಹುಡುಗಿ, “ಏನೂ ಆಗಲ್ಲ ಆಂಟಿ, ಇರುವೆ ಕಚ್ಚಿದಂಗಾಯ್ತದೆ ಅಷ್ಟೆ,” ಎಂದು ಸಮಾಧಾನ ಹೇಳಿದಳು. ಪಾಪ, ಅವಳ ಮೇಲೆ ನನಗೇನು ಸಿಟ್ಟು? ಸ್ಪಿರಿಟ್ಟಿನ ವಾಸನೆ ಬಂದಾಗಲೆಲ್ಲ ನನಗೆ ಒಂದು ಮಳೆಗಾಲ ನೆನಪಾಗುತ್ತದೆ. ನೆನಪಾದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಆ ವರ್ಷ ಡಿಗ್ರಿ ಕಾಲೇಜುಗಳಲ್ಲಿ ಹೊಸ ಪದ್ಧತಿ ನಡೆಯುತ್ತಿತ್ತು. ಬಿ.ಎ., ಬಿ.ಕಾಂ. ಓದುವವರೂ ತಮ್ಮದಲ್ಲದ ಒಂದು ವಿಷಯವನ್ನು ಓದಲೇಬೇಕು. ಅದಕ್ಕೆ ಮುಕ್ತ ಆಯ್ಕೆ ಎಂದು ಹೆಸರು. ಆಯ್ಕೆ ಯಾರದು ಅಂತ ಮಾತ್ರ ಕೇಳಬೇಡಿ. ಯಾವ ಮೇಷ್ಟ್ರಿಗೆ ಪಿರಿಯಡ್ ಕಡಿಮೆ ಬಿದ್ದಿದೆಯೋ ಅವರ ವಿಷಯವನ್ನು ಮಕ್ಕಳು ಆಯ್ಕೆ ಮಾಡಿಕೊಳ್ಳುತ್ತಿದ್ದರು. ನಾನು ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಬೇರೆ ಕಡೆ ಅತಿಥಿ ಬಂದರೆ ಕುರ್ಚಿ ಹಾಕಿ ಕಾಫಿ ಕೊಡುತ್ತಾರೆ, ನಮಗೆ ಸ್ಟಾಫ್ ರೂಮಿನಲ್ಲಿ ಯಾರಾದರೂ ಎದ್ದು ಹೋದರೆ ಕುರ್ಚಿ ಸಿಗುತ್ತಿತ್ತು. ಒಂದೇ ಆಡಳಿತ ಮಂಡಳಿಗೆ ನಂಜನಗೂಡಿನಲ್ಲೊಂದು, ನರಸೀಪುರದಲ್ಲೊಂದು ಕಾಲೇಜು. ವಾರದ ಮೊದಲರ್ಧ ನಂಜನಗೂಡಿನಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಜೀವಶಾಸ್ತ್ರ, ಉಳಿದರ್ಧ ನರಸೀಪುರದಲ್ಲಿ ಬಿ.ಎ., ಬಿ.ಕಾಂ. ಮಕ್ಕಳಿಗೆ ಅದೇ ಜೀವಶಾಸ್ತ್ರದ ನೀರು ಬೆರೆಸಿದ ಮಜ್ಜಿಗೆ. ಮಧ್ಯೆ ನಾನು, ನನ್ನ ಛತ್ರಿ ಮತ್ತು ನಿಲ್ಲಲೂ ಜಾಗವಿಲ್ಲದ ಬಸ್ಸು.

ಮಳೆಯೂ ಆ ಸಲ ಬಿಡದೆ ಹಿಡಿಯಿತು. ಕಪಿಲೆ ಕೆಂಪಗೆ ಉಕ್ಕಿ ಸ್ನಾನಘಟ್ಟದ ಮೆಟ್ಟಿಲುಗಳನ್ನು ನುಂಗಿದಳು. ದಾರಿಯುದ್ದಕ್ಕೂ ನಾಟಿ ಹಾಕುವ ಹೆಂಗಸರು ಪ್ಲಾಸ್ಟಿಕ್ ಗೊಪ್ಪೆ ಹೊದ್ದು ಬಗ್ಗಿರುತ್ತಿದ್ದರು. ಬಸ್ಸಿನ ಕಿಟಕಿ ಏರಿಸಿದರೆ ಸೆಕೆ, ಇಳಿಸಿದರೆ ಎರಚಲು. ಒದ್ದೆ ಸೀರೆಯಲ್ಲೇ ಪಾಠ ಮಾಡಿ ಒದ್ದೆ ಸೀರೆಯಲ್ಲೇ ಮನೆಗೆ ಬರುತ್ತಿದ್ದೆ.

ನಂಜನಗೂಡಿನ ಬಿ.ಎಸ್ಸಿ. ಮಕ್ಕಳ ಮೇಲೆ ನನಗೆ ಬೇಕಾದಷ್ಟು ಆಸೆಯಿತ್ತು. ಎಷ್ಟಾದರೂ ಇದೇ ಅವರ ಓದು ತಾನೆ. ಆದರೆ ಅವರಿಗೆ ಗೊತ್ತಿದ್ದದ್ದು ಒಂದೇ ಪ್ರಶ್ನೆ: “ಮೇಡಂ, ಇದು ಎಕ್ಸಾಮಿಗೆ ಬರುತ್ತಾ?” ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಮೈಕ್ರೋಸ್ಕೋಪಿನ ಕೆಳಗೆ ಸ್ಲೈಡ್ ಇಟ್ಟು ಜೀವಕೋಶ ಒಡೆಯುವ ಯಾವ ಹಂತ ಇದೆಂದು ಕೇಳುತ್ತೇವೆ. ನಮ್ಮ ಲ್ಯಾಬಿನಲ್ಲಿ ಆ ಸ್ಲೈಡುಗಳು ನನಗಿಂತ ಹಳೆಯವು. ಅವುಗಳ ಬಣ್ಣ ಹೋಗಿ ಎಷ್ಟೋ ಕಾಲವಾಗಿತ್ತು. ಮಕ್ಕಳು ಕಣ್ಣಿಟ್ಟು ನೋಡುತ್ತಲೇ ಇರಲಿಲ್ಲ. ಅಂಚು ಮುರಿದ ಗಾಜು ಅಂದರೆ ಮೆಟಾಫೇಸ್, ಮೂಲೆಯಲ್ಲಿ ನೀಲಿ ಶಾಯಿ ಇದ್ದರೆ ಅನಾಫೇಸ್ ಎಂದು ಸೀನಿಯರುಗಳಿಂದ ಜೂನಿಯರುಗಳಿಗೆ ಬಾಯಿಂದ ಬಾಯಿಗೆ ಹರಿದು ಬರುತ್ತಿತ್ತು. ಎಲ್ಲರಿಗೂ ಪೂರ್ತಿ ಅಂಕ. ಒಂದು ಜೀವಕೋಶ ಎರಡಾಗುವುದನ್ನು ಕಣ್ಣಾರೆ ಕಂಡವರು ಆ ತರಗತಿಯಲ್ಲಿ ಒಬ್ಬರೂ ಇರಲಿಲ್ಲ.

ಅದನ್ನು ಕಾಣಿಸುವುದು ದೊಡ್ಡ ಕೆಲಸವೇನಲ್ಲ. ಒಂದು ಈರುಳ್ಳಿಯನ್ನು ನೀರು ತುಂಬಿದ ಲೋಟದ ಬಾಯಿಗೆ ಕೂರಿಸಿದರೆ ಕೆಲವು ದಿನಗಳಲ್ಲಿ ಬಿಳಿ ಬೇರು ಇಳಿಯುತ್ತದೆ. ಆ ಬೇರಿನ ತುದಿಯಲ್ಲಿ ಜೀವಕೋಶಗಳು ಬಿಡುವಿಲ್ಲದೆ ಒಡೆದು ಎರಡಾಗುತ್ತಿರುತ್ತವೆ. ತುದಿಯನ್ನು ಕತ್ತರಿಸಿ, ಬಣ್ಣ ಹಾಕಿ, ಗಾಜಿನ ಮೇಲೆ ಹಿಚುಕಿ ನೋಡಿದರಾಯಿತು. ಆದರೆ ಬೇರನ್ನು ಬೆಳಿಗ್ಗೆಯೇ ಕತ್ತರಿಸಬೇಕು, ಹೊತ್ತೇರಿದ ಮೇಲೆ ಕತ್ತರಿಸಿದರೆ ಅಷ್ಟು ಚೆನ್ನಾಗಿ ಸಿಗುವುದಿಲ್ಲ. ಬೆಳಿಗ್ಗೆ ನಮ್ಮ ಮಕ್ಕಳು ಬಸ್ ಸ್ಟಾಪಿನಲ್ಲಿರುತ್ತಾರೆ, ಲ್ಯಾಬಿನ ಬೀಗದ ಕೈ ಇನ್ನೆಲ್ಲೋ ಇರುತ್ತದೆ. ಹೀಗಾಗಿ ಪುಸ್ತಕದ ಚಿತ್ರ ನೋಡಿ ರೆಕಾರ್ಡ್ ಬರೆಯುವುದೇ ನಮ್ಮ ಪ್ರಾಕ್ಟಿಕಲ್. ನಾನು ಗೊಣಗುತ್ತಲೇ ಸಹಿ ಹಾಕುತ್ತಿದ್ದೆ.

ನರಸೀಪುರದ ತರಗತಿ ಮಧ್ಯಾಹ್ನದ ಕೊನೆಯ ಪಿರಿಯಡ್. ಊಟ ಮಾಡಿದ ಬಿ.ಕಾಂ. ಹುಡುಗರು ಅರ್ಧ ನಿದ್ದೆಯಲ್ಲಿರುತ್ತಿದ್ದರು. ಅಲ್ಲಿ ಲ್ಯಾಬೂ ಇಲ್ಲ, ಮೈಕ್ರೋಸ್ಕೋಪೂ ಇಲ್ಲ, ಪಠ್ಯದಲ್ಲಿ ಪ್ರಾಕ್ಟಿಕಲ್ಲೇ ಇಲ್ಲ. ನಾನೂ ಬೇಸರದಲ್ಲೇ ಬೋರ್ಡಿನ ಮೇಲೆ ನಾಲ್ಕು ವೃತ್ತ ಬರೆದು ಕೋಶ ವಿಭಜನೆ ಹೇಳುತ್ತಿದ್ದೆ. ಕಿಟಕಿ ಪಕ್ಕದ ಬೆಂಚಿನಿಂದ ಒಬ್ಬಳು ಎದ್ದು ನಿಂತಳು. ಬಿ.ಎ. ಓದುತ್ತಿದ್ದ ರಕ್ಷಿತ, ಹೆಮ್ಮಿಗೆ ಕಡೆಯ ಹುಡುಗಿ.

“ಮೇಡಂ, ಒಂದು ಎರಡಾಯ್ತದೆ ಅಂತೀರಲ್ಲ, ಅದ್ನ ಯಾರಾದ್ರೂ ನೋಡವ್ರಾ?”

“ನಾನೇ ನೋಡಿದೀನಿ,” ಎಂದೆ.

“ಅಂಗಾದ್ರೆ ನಾವೂ ನೋಡ್ಬೋದಾ?”

ಹಿಂದಿನ ಬೆಂಚಿನವರು ನಕ್ಕರು. ನನಗೆ ನಗು ಬರಲಿಲ್ಲ. ಬಿ.ಎಸ್ಸಿ. ಮಕ್ಕಳ ಬಾಯಿಂದ ಈ ಮಾತು ಬರಲೆಂದು ಎಷ್ಟು ಕಾಲದಿಂದ ಕಾದಿದ್ದೆ. ಬಂದದ್ದು ನೋಡಿ, ಇತಿಹಾಸ ಓದುವ ಹುಡುಗಿಯಿಂದ.

ಮೈಕ್ರೋಸ್ಕೋಪನ್ನು ನಂಜನಗೂಡಿನಿಂದ ತರಲು ಒಪ್ಪಿಗೆ ಕೇಳಿದೆ. ಎರಡೂ ಕಾಲೇಜಿಗೆ ಒಬ್ಬರೇ ಪ್ರಿನ್ಸಿಪಾಲರು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

“ಓಪನ್ ಎಲೆಕ್ಟಿವ್‌ಗೆ ಪ್ರಾಕ್ಟಿಕಲ್ ಇದೆಯೇನಮ್ಮ?”

“ಇಲ್ಲ ಸಾರ್.”

“ಮತ್ತೆ?”

“ಮಕ್ಕಳು ಕೇಳ್ತಿದಾರೆ ಸಾರ್.”

“ಮಕ್ಕಳು ಏನೇನೋ ಕೇಳ್ತಾರೆ,” ಎಂದು ಮತ್ತೆ ಫೈಲಿಗೆ ತಲೆ ಹಾಕಿದರು. “ಏನಾದ್ರೂ ಹೆಚ್ಚು ಕಡಿಮೆ ಆದ್ರೆ ನೀವೇ ಜವಾಬ್ದಾರಿ.” ಅದನ್ನೇ ನಾನು ಒಪ್ಪಿಗೆ ಎಂದುಕೊಂಡೆ.

ಮೆಡಿಕಲ್ ಶಾಪಿನವರಿಂದ ಖಾಲಿ ಇಂಜೆಕ್ಷನ್ ಬಾಟಲಿಗಳನ್ನು ಕೇಳಿ ತಂದೆ, ತೊಳೆದು ಒಣಗಿಸಿದೆ. ಕತ್ತರಿಸಿದ ಬೇರು ಕೆಡದೆ, ಇದ್ದದ್ದು ಇದ್ದ ಹಾಗೇ ನಿಲ್ಲಬೇಕಾದರೆ ಅದನ್ನು ಸ್ಪಿರಿಟ್ಟಿಗೆ ವಿನೆಗರ್ ವಾಸನೆಯ ಆಮ್ಲ ಬೆರೆಸಿದ ದ್ರವದಲ್ಲಿ ಹಾಕಿಡಬೇಕು. ಬಾಟಲಿಗೆ ಇಷ್ಟಿಷ್ಟು ಹಾಕಿ ಆಸೆಯಿದ್ದವರಿಗೆಲ್ಲ ಕೊಟ್ಟೆ. ಹೇಗೆ ಬೇರು ಬರಿಸಬೇಕು, ಯಾವಾಗ ಕತ್ತರಿಸಬೇಕು ಎಲ್ಲ ಹೇಳಿದೆ. ಕೊನೆಗೆ, “ಬಿಸಿಲು ಬೀಳದ ತಣ್ಣನೆ ಜಾಗದಲ್ಲಿಡಿ. ಮನೇಲಿ ಯಾರೂ ಮುಟ್ಟದ ಕಡೆ ಇಡಿ,” ಎಂದೆ.

ಹೇಳಿದ ದಿನ ಬಂತು. ಒಬ್ಬ ಬಾಟಲಿಯನ್ನೇ ಕಳೆದಿದ್ದ. ಇನ್ನೊಬ್ಬಳ ಮನೆಯ ಈರುಳ್ಳಿ ಸಾರಿಗೆ ಹೋಗಿತ್ತು. ಮತ್ತೊಬ್ಬ ಬೇರಿನ ಬದಲು ಈರುಳ್ಳಿಯ ಸಿಪ್ಪೆಯನ್ನು ತುರುಕಿ ತಂದು, “ಈರುಳ್ಳಿ ತಾನೆ ಮೇಡಂ,” ಎಂದ. ರಕ್ಷಿತ ಬಂದಿರಲಿಲ್ಲ. ಮಾರನೆಯ ದಿನವೂ ಇಲ್ಲ, ಮುಂದಿನ ವಾರವೂ ಇಲ್ಲ. ಜ್ವರವಿರಬೇಕೆಂದುಕೊಂಡೆ, ಆ ಮಳೆಗೆ ಅರ್ಧ ತಾಲ್ಲೂಕು ಮಲಗಿತ್ತು.

ಅವಳ ಬದಲು ಅವಳ ಅಪ್ಪ ಬಂದರು. ಹಣೆಯಲ್ಲಿ ವಿಭೂತಿ, ಬಿಳಿ ಪಂಚೆ, ಮೊಣಕೈವರೆಗಿನ ಶರ್ಟು. ಊರಿನಲ್ಲಿ ಅಂಗಡಿ, ಗದ್ದೆ ಇರುವ ಶಿವಮಲ್ಲಪ್ಪ. ಮಠದವರಿಗೆ ಬೇಕಾದವರು. ಪ್ರಿನ್ಸಿಪಾಲರ ಮೇಜಿನ ಮೇಲೆ ನನ್ನ ಬಾಟಲಿಯನ್ನು ಇಟ್ಟು ಕೈಯನ್ನು ಪಂಚೆಗೆ ಒರೆಸಿಕೊಂಡರು. ಒಳಗೆ ಬೇರಿನ ತುದಿಗಳು ಅಚ್ಚುಕಟ್ಟಾಗಿ ತಳದಲ್ಲಿ ಕೂತಿದ್ದವು. ಒಂದೇ ಅಳತೆ, ಒಂದೇ ಸಮ. ನಾನು ಕತ್ತರಿಸಿದ್ದರೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ನಡೆದದ್ದು ಇಷ್ಟು. ತಣ್ಣನೆಯ ಜಾಗ, ಬಿಸಿಲು ಬೀಳದ ಜಾಗ, ಯಾರೂ ಮುಟ್ಟದ ಜಾಗ ಎಂದು ನಾನು ಹೇಳಿದ್ದೆನಲ್ಲ. ಅವರ ಮನೆಯಲ್ಲಿ ಅಂಥ ಜಾಗ ಒಂದೇ ಇದ್ದದ್ದು, ದೇವರ ಗೂಡು. ಮಡಿಯಿಲ್ಲದೆ ಮಕ್ಕಳಾಗಲಿ ಆಳಾಗಲಿ ಅದರ ಹತ್ತಿರ ಹೋಗುವ ಹಾಗಿಲ್ಲ. ಹುಡುಗಿ ಸ್ನಾನ ಮಾಡಿ ಬಂದು ಬೇರು ಕತ್ತರಿಸಿ, ಬಾಟಲಿಯನ್ನು ವಿಭೂತಿ ಗಟ್ಟಿಯ ಪಕ್ಕದಲ್ಲಿ ಜೋಪಾನವಾಗಿಟ್ಟಿದ್ದಾಳೆ. ಮುಚ್ಚಳ ಸ್ವಲ್ಪ ಸಡಿಲವಿತ್ತೋ ಏನೋ, ಶಿವಮಲ್ಲಪ್ಪ ಮಡಿಯುಟ್ಟು ಲಿಂಗಪೂಜೆಗೆ ಕೂತಾಗ ಗೂಡಿನಿಂದ ಸಾರಾಯಿ ವಾಸನೆ. ಅವರು ಕೂಗಿದ ಕೂಗಿಗೆ ಬೀದಿಯೇ ಎದ್ದು ಬಂದಿದೆ. ನನ್ನ ಇಷ್ಟು ವರ್ಷದ ಪಾಠದಲ್ಲಿ ಹೇಳಿದ್ದನ್ನು ಹೇಳಿದ ಹಾಗೇ ಮಾಡಿದ ವಿದ್ಯಾರ್ಥಿ ಇವಳೊಬ್ಬಳೇ, ಮತ್ತು ಅದಕ್ಕೆ ಅವಳಿಗೆ ಸಿಕ್ಕ ಮರ್ಯಾದೆ ಇದು.

“ಇದ್ನ ಕೊಟ್ಟೋರು ನೀವೇಯಾ?” ಎಂದು ನನ್ನನ್ನು ಕೇಳಿದರು.

“ನಾನೇ ಸಾರ್. ಇದು ಪ್ರಯೋಗಕ್ಕೆ...”

“ಅದೆಲ್ಲ ಆಮೇಲ್ ಯೋಳಿ. ಇದ್ರಲ್ಲಿ ಸ್ಪಿರಿಟ್ ಅದಾ ಇಲ್ವಾ? ಅಷ್ಟ್ ಯೋಳಿ ಸಾಕು.”

ಪ್ರಿನ್ಸಿಪಾಲರು ನನ್ನ ಕಡೆ ನೋಡಿದರು. ಇಲ್ಲ ಅನ್ನಮ್ಮ, ಮುಗಿಸು ಎನ್ನುತ್ತಿತ್ತು ಅವರ ಮುಖ. ನಾನು ಕಲಿಸುವುದು ವಿಜ್ಞಾನ, ಏನು ಮಾಡಲಿ?

“ಇದೆ,” ಎಂದೆ.

“ಅಷ್ಟೇ ಕೇಳ್ಬೇಕಾಗಿತ್ತು. ಸಾ, ನಮ್ ಮಗೀದು ಟಿ.ಸಿ. ಕೊಟ್ಬುಡಿ.”

ಅವರು ಹೋದ ಮೇಲೆ ಪ್ರಿನ್ಸಿಪಾಲರು ಇಡೀ ವರ್ಷದ ಬೈಗುಳವನ್ನು ಒಂದೇ ಸಲ ಬೈದರು. ಅವರ ಚಿಂತೆ ಅಡ್ಮಿಷನ್ ಒಂದು ಕಡಿಮೆಯಾಗುತ್ತದೆಂದು. ನನ್ನ ಚಿಂತೆ ಬೇರೆ. ಕ್ಲಾಸಿನ ಹುಡುಗಿಯರನ್ನು ವಿಚಾರಿಸಿದಾಗ, ರಕ್ಷಿತಳಿಗೆ ಬಿ.ಎಡ್. ಮಾಡಿ ಟೀಚರಾಗುವ ಆಸೆಯಿದೆ, ಆದರೆ ಮನೆಯವರು ಮೊದಲಿಂದಲೂ ಅರೆಮನಸ್ಸಿನಲ್ಲೇ ಕಳಿಸುತ್ತಿದ್ದರು, ಈಗ ಗಂಡು ನೋಡುವ ಮಾತು ಎದ್ದಿದೆ ಎಂದರು. ಈಗ ಕಾಲೇಜು ಬಿಟ್ಟರೆ ಮತ್ತೆ ಅವಳು ಕಾಲೇಜಿನ ಮೆಟ್ಟಿಲು ಹತ್ತುವುದಿಲ್ಲ. ಈರುಳ್ಳಿ ಬೇರಿಗಾಗಿ ಒಂದು ಹುಡುಗಿಯ ಓದು ನಿಲ್ಲುವುದೆಂದರೆ ಏನು? ನನಗೆ ಅಳು ಬರಲಿಲ್ಲ, ಯಾರನ್ನಾದರೂ ಹಿಡಿದು ಜಗಳವಾಡಬೇಕೆನಿಸಿತು. ಆದರೆ ಯಾರ ಜೊತೆ ಆಡುವುದು?

ಭಾನುವಾರ ನಮ್ಮ ಮನೆಯ ಲೋಟದಲ್ಲಿದ್ದ ಈರುಳ್ಳಿಯ ಬೇರನ್ನೇ ಬಣ್ಣ ಹಾಕಿ ಸ್ಲೈಡ್ ಮಾಡಿಕೊಂಡೆ. ಕಾಲೇಜಿನ ಹಳೆಯ ಮೈಕ್ರೋಸ್ಕೋಪನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು ರಕ್ಷಿತಳ ಊರಿನ ಬಸ್ಸು ಹತ್ತಿ, ತೊಡೆಯ ಮೇಲಿಟ್ಟುಕೊಂಡು ಕೂತೆ. ಪಕ್ಕದಲ್ಲಿದ್ದ ಅಜ್ಜಿ ಅದು ಹೊಲಿಗೆ ಮಿಷನ್ನಾ ಎಂದು ಕೇಳಿ, ನಾನು ಅಲ್ಲವೆಂದರೂ ರವಿಕೆಗೆ ಎಷ್ಟು ತಗೊಳ್ತೀಯ ಎಂದಿತು.

ಶಿವಮಲ್ಲಪ್ಪ ನನ್ನನ್ನು ನೋಡಿ ಎದ್ದು ನಿಂತರು. ಬೈಯಲಿಲ್ಲ. ಕಾಲಿಗೆ ನೀರು ಕೊಡಿಸಿದರು, ಜಗುಲಿಯಲ್ಲಿ ಚಾಪೆ ಹಾಸಿಸಿದರು. ಅದೇ ನನಗೆ ಕಷ್ಟವಾಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನಾನು ಮೈಕ್ರೋಸ್ಕೋಪು ಬಿಚ್ಚಿಟ್ಟೆ. ಅದಕ್ಕೆ ಕರೆಂಟಿಲ್ಲ, ಕೆಳಗೊಂದು ಕನ್ನಡಿ, ಸೂರ್ಯನ ಬೆಳಕೇ ಗತಿ. ದೇವರು ದೊಡ್ಡವನು, ಎಷ್ಟೋ ದಿನದ ಮೇಲೆ ಮೋಡ ಹರಿದು ಬಿಸಿಲು ಬಿದ್ದಿತ್ತು.

“ಒಂದು ಸಲ ನೋಡಿ ಸಾರ್. ಆಮೇಲೆ ನೀವು ಹೇಳಿದಂಗೆ,” ಎಂದೆ.

ಅವರು ಪಂಚೆ ಎತ್ತಿ ಕುಕ್ಕರುಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿದರು. ಬಹಳ ಹೊತ್ತು ನೋಡಿದರು. “ಕೆಂಪ್‌ಕೆಂಪ್‌ಗೆ ದಾರ ಕತ್ರುಸ್ ಹಾಕ್ದಂಗದೆ,” ಎಂದರು. ಅದೇ ಬೆಳವಣಿಗೆ, ಅದರಿಂದಲೇ ಬೇರು ಬೆಳೆಯುವುದು, ಪೈರು ಬೆಳೆಯುವುದು, ಗಾಯ ಮಾಯುವುದು ಎಂದೆಲ್ಲ ನಾನು ಒಂದೇ ಉಸಿರಿಗೆ ಹೇಳಿದೆ. ಅವರು ತಲೆಯಾಡಿಸಿದರು.

“ಮೇಡಮ್ಮೋರೆ, ನಾನೂ ಪಿಯುಸಿ ಓದಿವ್ನಿ. ಕೆಡ್ದಂಗೆ ಇಡಕ್ಕೆ ಸ್ಪಿರಿಟ್ ಬೇಕು ಅಂತ ಅವತ್ತೇ ನಂಗೊತ್ತಾಯ್ತು. ನಮ್ ಮಗಿನ್ ಮ್ಯಾಲೆ ನಂಗೇನೂ ಅನ್ಮಾನ ಇಲ್ಲ. ಆದ್ರೆ ದೇವ್ರ ಗೂಡಲ್ಲಿ ಬಾಟ್ಲಿ ಇಟ್ಟಿದ್ಲು ಅಂತ ಇಡೀ ಊರು ಮಾತಾಡ್ತದೆ. ನಂಗೆ ತೋರ್ಸುದ್ರಿ ಸರಿ, ಊರ್ಗೆಲ್ಲ ತೋರ್ಸಕ್ಕಾದದಾ?”

“ಯಾಕಾಗಲ್ಲ? ಕರೀರಿ,” ಎಂದೆ. ನನಗೂ ಛಲ ಬಂದಿತ್ತು.

ಕರೆಯುವ ಅಗತ್ಯವೇ ಇರಲಿಲ್ಲ, ಅರ್ಧ ಬೀದಿ ಆಗಲೇ ಜಗುಲಿಯ ಕೆಳಗೆ ನಿಂತಿತ್ತು. ಒಬ್ಬೊಬ್ಬರಾಗಿ ಹತ್ತಿ ಬಂದು ನೋಡಿದರು. ಒಬ್ಬರು ಎರಡೂ ಕಣ್ಣು ಮುಚ್ಚಿ ನೋಡಿ ಏನೂ ಕಾಣಲ್ಲ ಎಂದರು. ಇನ್ನೊಬ್ಬರು ಸೊಳ್ಳೆ ಮೊಟ್ಟೆ ಎಂದು ತೀರ್ಪು ಕೊಟ್ಟರು. ರಕ್ಷಿತಳ ಅಜ್ಜಿ ನೋಡಿ, “ಅಯ್ಯೋ ಶಿವನೆ, ಈರುಳ್ಳೀಲೂ ಇಷ್ಟೆಲ್ಲ ಮಾಡಿಟ್ಟವ್ನಾ!” ಎಂದು ಕೈ ಮುಗಿಯಿತು. ಮಠಕ್ಕೆ ಹೂವು ಕೊಡುವ ಹಿರಿಯರೊಬ್ಬರು ಎರಡು ಸಲ ನೋಡಿ, “ಓ, ಇದಾ ಇಸ್ಯ. ಮಗು ತಪ್ಪೇನಿಲ್ಲ ಕಣ್ ಮಲ್ಲಪ್ಪ. ಇಸ್ಕೂಲ್ ಕೆಲ್ಸ ಇದು,” ಎಂದರು. ಆ ಒಂದು ಮಾತಿಗೆ ಶಿವಮಲ್ಲಪ್ಪನವರ ಬಿಗಿದಿದ್ದ ಭುಜ ಇಳಿದದ್ದು ನನಗೆ ಕಾಣಿಸಿತು.

ಬಂದವರಿಗೆಲ್ಲ ಕಾಫಿ ಆಗಬೇಕಲ್ಲ. ರಕ್ಷಿತ ಒಳಗೆ ಒಲೆಯ ಮುಂದಿದ್ದಳು. ತಟ್ಟೆ ಹಿಡಿದು ಬರುತ್ತಿದ್ದಳು, ಲೋಟ ಕೊಟ್ಟು ಹೋಗುತ್ತಿದ್ದಳು. ನಾನು ಕರೆದೆ, “ಬಾ ರಕ್ಷಿತ, ನೋಡು ಬಾ.” “ಬಂದೆ ಮೇಡಂ,” ಎಂದಳು. “ಮೊದ್ಲು ದೊಡ್ಡೋರ್ದಾಗ್ಲಿ,” ಎಂದರು ಅವಳಮ್ಮ. ಮತ್ತೆ ಕರೆದೆ. ಹಾಲು ಸಾಲದೆಂದು ಪಕ್ಕದ ಮನೆಗೆ ಕಳಿಸಿದ್ದರು. ಅವಳು ಚೊಂಬು ಹಿಡಿದು ವಾಪಸು ಓಡಿ ಬರುವಾಗ ಜಗುಲಿಯ ಮೇಲೆ ನೋಡುವವರು ಇನ್ಯಾರೂ ಉಳಿದಿರಲಿಲ್ಲ. ಬಾರಮ್ಮ ಎಂದು ನಾನು ಕನ್ನಡಿ ತಿರುಗಿಸಿದೆ, ಇನ್ನೂ ತಿರುಗಿಸಿದೆ. ಎಲ್ಲಿಂದಲೋ ಬಂದ ಮೋಡ ಬಿಸಿಲನ್ನು ಮುಚ್ಚಿಬಿಟ್ಟಿತ್ತು. ಅವಳು ಕಣ್ಣಿಟ್ಟಳು. “ಕತ್ಲು ಮೇಡಂ,” ಎಂದಳು. ಮೊಬೈಲಿನ ಟಾರ್ಚು ಹಾಕೋಣವೆನ್ನುವಷ್ಟರಲ್ಲಿ ಹನಿ ಬೀಳತೊಡಗಿ, ಬಸ್ಸು ಬಂತೆಂದು ಯಾರೋ ಕೂಗಿ, ಶಿವಮಲ್ಲಪ್ಪನವರೇ ಮೈಕ್ರೋಸ್ಕೋಪನ್ನು ದುಪ್ಪಟಿಯಲ್ಲಿ ಸುತ್ತಿ ಹೊತ್ತುಕೊಂಡು ರಸ್ತೆಗೆ ಓಡಿದರು.

ಬಸ್ಸು ಹತ್ತಿಸುವಾಗ ಹೇಳಿದರು, “ಕಾಲೇಜ್ಗೆ ಕಳುಸ್ತೀನಿ ಮೇಡಮ್ಮೋರೆ. ನೀವು ಮನ್ಗಂಟ ಬಂದ್ರಿ, ಇಲ್ಲ ಅನ್ನಕ್ಕಾಯ್ತದಾ? ಆದ್ರೆ ಬಾಟ್ಲಿ ಇಲ್ದಿರೋ ಸಬ್ಜೆಕ್ಟ್ ಕೊಡುಸ್ಬುಡಿ.”

ಗೆದ್ದೆನೋ ಸೋತೆನೋ ತಿಳಿಯದೆ ಮನೆಗೆ ಬಂದೆ. ರಕ್ಷಿತ ಕಾಲೇಜಿಗೆ ಬಂದಳು. ಅವಳ ಮುಕ್ತ ಆಯ್ಕೆಯನ್ನು ಅಪ್ಪ, ಪ್ರಿನ್ಸಿಪಾಲರು ಸೇರಿ ಕಚೇರಿ ನಿರ್ವಹಣೆಗೆ ಬದಲಾಯಿಸಿದರು. ಕೊನೆಯ ಪಿರಿಯಡ್ಡಿನಲ್ಲಿ ಅವಳು ಎದುರು ಕೋಣೆಯಲ್ಲಿ ಕೂತು ಫೈಲು ಜೋಡಿಸುವುದು ಹೇಗೆಂದು ಬರೆದುಕೊಳ್ಳುತ್ತಿದ್ದಳು. ಮೈಕ್ರೋಸ್ಕೋಪು ಇನ್ನು ಮುಂದೆ ನಂಜನಗೂಡಿನ ಗೇಟು ದಾಟಕೂಡದೆಂದು ಆರ್ಡರ್ ಆಯಿತು. ನನ್ನ ಬಿ.ಎಸ್ಸಿ. ಮಕ್ಕಳು ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅಂಚು ಮುರಿದ ಗಾಜನ್ನು ದೂರದಿಂದಲೇ ಗುರುತಿಸಿ ಎಂದಿನಂತೆ ಪೂರ್ತಿ ಅಂಕ ತೆಗೆದರು. ಮುಂದಿನ ವರ್ಷ ನನಗೆ ಪಿರಿಯಡ್ ಇಲ್ಲವೆಂದರು, ಸ್ವಲ್ಪ ಕಾಲಕ್ಕೆ ಆ ಪದ್ಧತಿಯೂ ಹೋಯಿತು.

ಅದಕ್ಕೂ ಮೊದಲು, ಆ ಸೆಮಿಸ್ಟರ್ ಪರೀಕ್ಷೆ ಮುಗಿದ ದಿನ ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ರಕ್ಷಿತ ಸಿಕ್ಕಿದಳು. ಅವಳೇ ಜನರ ನಡುವೆ ನುಗ್ಗಿ ಬಂದಳು. ಗಂಡು ನೋಡುವ ಮಾತು ಸದ್ಯಕ್ಕೆ ನಿಂತಿದೆ, ಡಿಗ್ರಿ ಮುಗಿಯಲಿ ಎಂದಿದ್ದಾರಂತೆ. ನನಗೆ ಸಂತೋಷವಾಯಿತು, ಅದನ್ನು ಹೇಳಿದೆ ಕೂಡ. ಒಂದು ದಿನ ನಂಜನಗೂಡಿಗೆ ಬಾ, ಲ್ಯಾಬಿನಲ್ಲಿ ತೋರಿಸುತ್ತೇನೆ ಎಂದೆ.

“ಅಷ್ಟ್ ದೂರ ಒಬ್ಳನ್ನೇ ಬಿಡಲ್ಲ ಮೇಡಂ,” ಎಂದಳು. “ನಮ್ಮನೇಲಿ ಎಲ್ರೂ ನೋಡವ್ರೆ. ಅಜ್ಜಿ ಬಂದೋರ್ಗೆಲ್ಲ ಯೋಳ್ಕತ ಕೂತಿರ್ತದೆ. ನಾನೊಬ್ಳೇ ನೋಡಿಲ್ಲ. ಅದು ಎಂಗಿತ್ತು ಮೇಡಂ?”

ನನ್ನ ಬಸ್ಸು ಹೊರಡುವುದರಲ್ಲಿತ್ತು. ಅದರ ಸದ್ದಿನ ಮಧ್ಯೆ ಗಟ್ಟಿಯಾಗಿ ಹೇಳತೊಡಗಿದೆ. ಮೊದಲು ದಾರಗಳು ದಪ್ಪಗಾಗುತ್ತವೆ, ಆಮೇಲೆ ನಡುವಿಗೆ ಬಂದು ಸಾಲಾಗಿ ನಿಲ್ಲುತ್ತವೆ, ಎರಡು ಕಡೆಗೆ ಸರಿಯುತ್ತವೆ, ಕೊನೆಗೆ ಮಧ್ಯೆ ಒಂದು ಗೋಡೆ ಏಳುತ್ತದೆ. ಅವಳು ಕಣ್ಣು ಮಿಟುಕಿಸದೆ ಪೂರ್ತಿ ಕೇಳಿಸಿಕೊಂಡಳು.

“ಅಷ್ಟು ನೋಟ್ಸಲ್ಲೇ ಅದೆ ಮೇಡಂ,” ಎಂದಳು.